ಹತ್ತಿರದ ಗೆಲಾಕ್ಸಿಗಳ ಸಮೀಕ್ಷೆ ನಡೆಸುವ ಕ್ರಮ: ನಕ್ಷತ್ರಗಳ ಎಣಿಕೆಯಿಂದ ಹುಟ್ಟಿನ ಇತಿಹಾಸದವರೆಗೆ

ಒಂದು ಗೆಲಾಕ್ಸಿ ಯಾವಾಗ ರೂಪುಗೊಳ್ಳತೊಡಗಿತು, ಯಾವ ಕಾಲದಲ್ಲಿ ರಭಸದಿಂದ ನಕ್ಷತ್ರಗಳನ್ನು ಹುಟ್ಟಿಸಿತು, ಯಾವಾಗ ತಣ್ಣಗಾಯಿತು ಎಂಬುದನ್ನು ತಿಳಿಯಲು ಖಗೋಳವಿಜ್ಞಾನಿಗಳಿಗೆ ಎರಡು ದಾರಿಗಳಿವೆ. ಬಹುದೂರದ ಗೆಲಾಕ್ಸಿಗಳಿಂದ ನೂರಾರು ಕೋಟಿ ವರ್ಷಗಳ ಹಿಂದೆ ಹೊರಟ ಬೆಳಕನ್ನು ಇಂದು ಹಿಡಿದು, ಅವುಗಳ ಎಳವೆಯನ್ನು ನೇರವಾಗಿ ನೋಡುವುದು ಮೊದಲನೆಯದು. ಆದರೆ ಆ ದೂರದಲ್ಲಿ ಇಡೀ ಗೆಲಾಕ್ಸಿಯೇ ಒಂದು ಮಸುಕಾದ ಚುಕ್ಕೆಯಾಗಿ ಕಾಣುತ್ತದೆ, ಅದು ಮುಂದೆ ಏನಾಯಿತೆಂದು ಗೊತ್ತಾಗುವುದೂ ಇಲ್ಲ. ನಮ್ಮ ನೆರೆಹೊರೆಯ ಗೆಲಾಕ್ಸಿಗಳನ್ನು ತೆಗೆದುಕೊಂಡು, ಅವುಗಳಲ್ಲಿ ಇಂದು ಉಳಿದಿರುವ ನಕ್ಷತ್ರಗಳನ್ನು ವಯಸ್ಸಿಗೆ ತಕ್ಕಂತೆ ವಿಂಗಡಿಸಿ, ಹಿಂದಿನ ಚರಿತ್ರೆಯನ್ನು ಕಟ್ಟುವುದು ಎರಡನೆಯದು. ಈ ಬರಹ ಎರಡನೆಯ ದಾರಿಗೆ ಸೇರಿದ್ದು. ಶಿರಸಿ, ಕುಮಟಾ, ಕಾರವಾರದಂಥ ಊರುಗಳ ಪದವಿ ಕಾಲೇಜಿನ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರು ಒಂದು ಸಾಧಾರಣ ಕಂಪ್ಯೂಟರ್ ಹಾಗೂ ಅಂತರಜಾಲ ಸಂಪರ್ಕ ಇಟ್ಟುಕೊಂಡು ಇದನ್ನು ಮಾಡಬಹುದು, ಏಕೆಂದರೆ ಜಗತ್ತಿನ ದೊಡ್ಡ ದೂರದರ್ಶಕಗಳು ಸಂಗ್ರಹಿಸಿದ ದತ್ತಾಂಶದ ಬಹುಪಾಲು ಇಂದು ಯಾರು ಬೇಕಾದರೂ ಉಚಿತವಾಗಿ ಪಡೆಯುವಂತಿದೆ.

ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಎಷ್ಟು ನಕ್ಷತ್ರ ಕಂಡಿತು ಎಂಬ ಲೆಕ್ಕವನ್ನು ಯಂತ್ರವೇ ಕೊಡುತ್ತದೆ. ಎಷ್ಟು ಕಾಣದೆ ಉಳಿಯಿತು ಎಂಬ ಲೆಕ್ಕವನ್ನು ಸಮೀಕ್ಷೆ ಮಾಡುವವರೇ ಇಡಬೇಕು. ಈ ಎರಡನೆಯ ಲೆಕ್ಕವಿಲ್ಲದೆ ಗೆಲಾಕ್ಸಿಯ ಇತಿಹಾಸ ಬರೆಯಲು ಸಾಧ್ಯವೇ ಇಲ್ಲ ಎಂಬುದು ನನ್ನ ದೃಢವಾದ ನಂಬಿಕೆ. ಆದ್ದರಿಂದ ಮುಂದಿನ ಪ್ರತಿ ಹಂತದಲ್ಲೂ ಆ ಲೆಕ್ಕಕ್ಕೆ ಹಿಂದಿರುಗುತ್ತೇನೆ.

ಈ ಓದು ಸಾಧ್ಯವಾಗುವುದು ಹೇಗೆ

ಶಿರಸಿ–ಸಿದ್ದಾಪುರದ ಕಡೆಯ ಅನುಭವಿ ಕೃಷಿಕರೊಬ್ಬರು ಪರಿಚಯವಿಲ್ಲದ ಅಡಿಕೆ ತೋಟಕ್ಕೆ ಕಾಲಿಟ್ಟರೆ, ಒಡೆಯರನ್ನು ಏನೂ ಕೇಳದೆಯೇ ಆ ತೋಟದ ಚರಿತ್ರೆಯನ್ನು ಹೇಳಬಲ್ಲರು. ಎತ್ತರದ ಮುದಿ ಮರಗಳೆಷ್ಟು, ಚೆನ್ನಾಗಿ ಫಲ ಕೊಡುವವು ಎಷ್ಟು, ನಡುವೆ ನೆಟ್ಟ ಸಸಿಗಳೆಷ್ಟು ಎಂದು ನೋಡಿಯೇ ತೋಟ ಯಾವಾಗ ವಿಸ್ತರಿಸಿತು, ಯಾವಾಗ ಮರಗಳು ಸತ್ತು ಜಾಗ ತೆರವಾಯಿತು, ಮತ್ತೆ ಯಾವಾಗ ನೆಟ್ಟರು ಎಂಬುದು ಅವರಿಗೆ ತಿಳಿಯುತ್ತದೆ. ಗೆಲಾಕ್ಸಿಯನ್ನು ಓದುವ ಕ್ರಮವೂ ಇದೇ. ನಕ್ಷತ್ರದ ಆಯುಷ್ಯವನ್ನು ನಿರ್ಧರಿಸುವುದು ಅದರ ದ್ರವ್ಯರಾಶಿ. ಸೂರ್ಯನಂಥ ನಕ್ಷತ್ರ ಸುಮಾರು 1,000 ಕೋಟಿ ವರ್ಷ ಉರಿದರೆ, ಅದರ ಹತ್ತು ಪಟ್ಟು ತೂಕದ ನೀಲಿ ನಕ್ಷತ್ರ ಎರಡು–ಮೂರು ಕೋಟಿ ವರ್ಷಗಳಲ್ಲೇ ಮುಗಿದುಹೋಗುತ್ತದೆ. ಸೂರ್ಯನ ಮುಕ್ಕಾಲು ಪಾಲಿನಷ್ಟಿರುವ ನಕ್ಷತ್ರಗಳು 1,380 ಕೋಟಿ ವರ್ಷ ವಯಸ್ಸಿನ ಈ ವಿಶ್ವದಲ್ಲಿ ಇನ್ನೂ ಸಾಯಲು ಆರಂಭಿಸಿಲ್ಲ. ಹಾಗಾಗಿ ಭಾರಿ ನೀಲಿ ನಕ್ಷತ್ರಗಳು ಕಂಡರೆ ಅಲ್ಲಿ ಇತ್ತೀಚೆಗೆ ನಕ್ಷತ್ರಗಳು ಹುಟ್ಟಿವೆ ಎಂದೂ, ವಯಸ್ಸಾಗಿ ಉಬ್ಬಿಕೊಂಡ ಕೆಂಪು ದೈತ್ಯಗಳು ಮಾತ್ರ ತುಂಬಿದ್ದರೆ ಅಲ್ಲಿನ ಹುಟ್ಟು ಬಹಳ ಹಿಂದೆಯೇ ನಿಂತಿದೆ ಎಂದೂ ಅರ್ಥ.

ನಕ್ಷತ್ರಗಳ ಒಡಲಿನ ಲೋಹಾಂಶ ಎರಡನೆಯ ಸಾಕ್ಷಿ. ಖಗೋಳವಿಜ್ಞಾನದಲ್ಲಿ ಹೈಡ್ರೋಜನ್ ಮತ್ತು ಹೀಲಿಯಂ ಬಿಟ್ಟು ಉಳಿದೆಲ್ಲ ಧಾತುಗಳಿಗೂ ಲೋಹವೆಂದೇ ಹೆಸರು. ಒಂದು ತಲೆಮಾರಿನ ನಕ್ಷತ್ರಗಳು ಸಾಯುವಾಗ ಹೊರಚೆಲ್ಲಿದ ಇಂಗಾಲ, ಆಮ್ಲಜನಕ, ಕಬ್ಬಿಣ ಮುಂದಿನ ತಲೆಮಾರಿನ ಅನಿಲದಲ್ಲಿ ಬೆರೆಯುವುದರಿಂದ, ಲೋಹಾಂಶ ಕಾಲಕಾಲಕ್ಕೆ ಏರುತ್ತ ಹೋಗುತ್ತದೆ. ವಯಸ್ಸು ಮತ್ತು ಲೋಹಾಂಶ ಎರಡೂ ಒಟ್ಟಿಗೆ ತಿಳಿದಾಗ ಮಾತ್ರ ಇತಿಹಾಸ ಪೂರ್ಣವಾಗುತ್ತದೆ.

ಮೊದಲ ಹಂತ: ಪ್ರಶ್ನೆಯನ್ನು ಇಕ್ಕಟ್ಟುಗೊಳಿಸಿ

‘ಗೆಲಾಕ್ಸಿಗಳು ಹೇಗೆ ಹುಟ್ಟಿದವು’ ಎಂಬ ಪ್ರಶ್ನೆಯಿಂದ ಯಾವ ಸಮೀಕ್ಷೆಯೂ ಆರಂಭವಾಗಲಾರದು. ಉತ್ತರವನ್ನು ಅಳೆಯಲು ಬರುವಂತೆ ಪ್ರಶ್ನೆಯನ್ನು ಕಟ್ಟಬೇಕು. ತಟ್ಟೆಯಾಕಾರದ ಗೆಲಾಕ್ಸಿಗಳು ಒಳಗಿನಿಂದ ಹೊರಕ್ಕೆ ಬೆಳೆದವೇ? ಕುಬ್ಜ ಗೆಲಾಕ್ಸಿಗಳಲ್ಲಿ ನಕ್ಷತ್ರಗಳ ಹುಟ್ಟು ಬೇಗ ನಿಂತಿತೇ, ನಿಂತದ್ದು ದೊಡ್ಡ ನೆರೆಯ ಸಹವಾಸದಿಂದಲೋ ತಮ್ಮ ಸಣ್ಣತನದಿಂದಲೋ? ಎರಡು ಗೆಲಾಕ್ಸಿಗಳು ಹತ್ತಿರ ಹಾದುಹೋದ ಕಾಲಕ್ಕೂ ನಕ್ಷತ್ರಗಳು ಹೆಚ್ಚಾಗಿ ಹುಟ್ಟಿದ ಕಾಲಕ್ಕೂ ತಾಳೆಯಾಗುತ್ತದೆಯೇ? ಇವುಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಿ.

ಎಂ 33 ರಲ್ಲಿ ನಡೆದ ಅಧ್ಯಯನ ಇಂಥ ಪ್ರಶ್ನೆಗೆ ಒಳ್ಳೆಯ ಮಾದರಿ. ಸುಮಾರು 27 ಲಕ್ಷ ಜ್ಯೋತಿರ್ವರ್ಷ ದೂರದ ಆ ಸುರುಳಿ ಗೆಲಾಕ್ಸಿಯಲ್ಲಿ ಕೇಂದ್ರದಿಂದ ಹೊರಹೋದಂತೆ ನಕ್ಷತ್ರಗಳ ಸರಾಸರಿ ವಯಸ್ಸು ಕಡಿಮೆಯಾಗುತ್ತ ಬರುತ್ತದೆ, ಅಂದರೆ ಅದು ಒಳಗಿನಿಂದ ಹೊರಕ್ಕೆ ಬೆಳೆದಿದೆ. ಆದರೆ ಕೇಂದ್ರದಿಂದ ಸುಮಾರು 26,000 ಜ್ಯೋತಿರ್ವರ್ಷ ದಾಟಿದ ಮೇಲೆ ಈ ಕ್ರಮ ತಿರುಗಿ, ಹೊರಗಿನವು ಮತ್ತೆ ಮುದಿಯಾಗುತ್ತವೆ. ಒಂದೇ ಕಡೆ ನೋಡಿ ತೀರ್ಮಾನಿಸಿದ್ದರೆ ಈ ತಿರುವು ಯಾರಿಗೂ ಸಿಗುತ್ತಿರಲಿಲ್ಲ.

ಎರಡನೆಯ ಹಂತ: ಪಟ್ಟಿ ಮಾಡುವುದು

ಸಮೀಕ್ಷೆಯಲ್ಲಿ ಹೆಚ್ಚು ವಿವೇಚನೆ ಬೇಡುವ ಕೆಲಸ ಇದೇ. ಚೆಂದ ಕಾಣುವ, ಹೆಸರು ಕೇಳಿದ ಗೆಲಾಕ್ಸಿಗಳನ್ನು ಆರಿಸಿಕೊಂಡರೆ ಪಟ್ಟಿಯಲ್ಲಿ ದೊಡ್ಡ, ಪ್ರಕಾಶಮಾನವಾದ, ನಮಗೆ ಮುಖ ತೋರುವ ಸುರುಳಿಗಳೇ ತುಂಬುತ್ತವೆ. ಎಣಿಕೆಯಲ್ಲಿ ಬಹುಸಂಖ್ಯಾತವಾದ ಮಂದ ಕುಬ್ಜ ಗೆಲಾಕ್ಸಿಗಳು ಹೊರಗುಳಿಯುತ್ತವೆ. ಇಂತಿಷ್ಟು ಕಾಂತಿಗಿಂತ ಮೇಲಿನವನ್ನೆಲ್ಲ ತೆಗೆದುಕೊಂಡರೂ ಇದೇ ದೋಷ ಬೇರೆ ರೂಪದಲ್ಲಿ ಬರುತ್ತದೆ: ದೂರದವುಗಳಲ್ಲಿ ಪ್ರಕಾಶಮಾನವಾದವು ಮಾತ್ರ ಒಳಬರುತ್ತವೆ. ಆದ್ದರಿಂದ ಇಂತಿಷ್ಟು ದೂರದೊಳಗಿನ ಎಲ್ಲ ಗೆಲಾಕ್ಸಿಗಳು ಎಂಬ ನಿಯಮವನ್ನೇ ಹಾಕಿಕೊಳ್ಳುವುದು ಲೇಸು. ಹಬಲ್ ದೂರದರ್ಶಕದ ಕ್ಯಾಮೆರಾ ಬಳಸಿ ನಡೆದ ‘ಆಂಗ್ಸ್ಟ್’ ಸಮೀಕ್ಷೆ ಸುಮಾರು 1.3 ಕೋಟಿ ಜ್ಯೋತಿರ್ವರ್ಷದೊಳಗಿನ 69 ಗೆಲಾಕ್ಸಿಗಳನ್ನು ಹೀಗೆಯೇ ಆರಿಸಿತ್ತು. ಕರಚೆಂಟ್ಸೆವ್ ಮತ್ತು ಸಂಗಡಿಗರು 2013 ರಲ್ಲಿ ಪ್ರಕಟಿಸಿದ ಹತ್ತಿರದ ಗೆಲಾಕ್ಸಿಗಳ ಪಟ್ಟಿಯಲ್ಲಿ, ಸುಮಾರು 3.6 ಕೋಟಿ ಜ್ಯೋತಿರ್ವರ್ಷದ ವ್ಯಾಪ್ತಿಯಲ್ಲಿ, 869 ಗೆಲಾಕ್ಸಿಗಳಿವೆ. ಹೊಸಬರು ಈ ಎರಡನ್ನು ಆಧಾರವಾಗಿಟ್ಟುಕೊಂಡು ಆರಂಭಿಸಬಹುದು.

ದೂರದ ವಿಷಯದಲ್ಲಿ ಒಂದು ಎಚ್ಚರಿಕೆ. ದೂರದ ಗೆಲಾಕ್ಸಿಗಳಿಗೆ ಕೆಂಪು ಪಲ್ಲಟವನ್ನು, ಅಂದರೆ ನಮ್ಮಿಂದ ದೂರ ಸರಿಯುವಾಗ ಅವುಗಳ ಬೆಳಕು ಕೆಂಪಿನ ಕಡೆಗೆ ಜರುಗಿದ ಅಳತೆಯನ್ನು, ದೂರಕ್ಕೆ ಪರಿವರ್ತಿಸುವ ರೂಢಿಯಿದೆ. ನೆರೆಹೊರೆಯಲ್ಲಿ ಅದು ನಡೆಯುವುದಿಲ್ಲ, ಏಕೆಂದರೆ ಇಲ್ಲಿ ಪರಸ್ಪರ ಗುರುತ್ವದ ಸೆಳೆತವೇ ವಿಶ್ವದ ಹಿಗ್ಗುವಿಕೆಗಿಂತ ಬಲವಾಗಿರಬಹುದು. ದೇವಯಾನಿ ಗೆಲಾಕ್ಸಿ, ಅಂದರೆ ಎಂ 31, ಸೆಕೆಂಡಿಗೆ ಸುಮಾರು 300 ಕಿಲೋಮೀಟರ್ ವೇಗದಲ್ಲಿ ಸೂರ್ಯನ ಕಡೆಗೇ ಬರುತ್ತಿದೆ. ಆದ್ದರಿಂದ ಕಾಂತಿ ನಿಯಮಿತವಾಗಿ ಏರಿಳಿಯುವ ಸೀಫೀಡ್ ನಕ್ಷತ್ರಗಳಿಂದಲೋ ಕೆಂಪು ದೈತ್ಯಗಳಿಂದಲೋ ಅಳೆದ ದೂರವನ್ನಷ್ಟೇ ಪಟ್ಟಿಗೆ ಸೇರಿಸಿ.

ಪಟ್ಟಿ ಮುಗಿದ ಮೇಲೆ ಅದರ ಪಕ್ಕದಲ್ಲೇ ಇನ್ನೊಂದು ಟಿಪ್ಪಣಿ ಬರೆಯಿರಿ: ಇದರಲ್ಲಿ ಯಾವುದು ಸೇರಿರಲಾರದು? ನಮ್ಮ ಆಕಾಶಗಂಗೆಯ ತಟ್ಟೆಯ ಧೂಳು ಆಕಾಶದ ದೊಡ್ಡ ಭಾಗವನ್ನೇ ಮುಚ್ಚಿದೆ. ಪಾವೊಲೊ ಮಾಫೆಯಿ 1960 ರ ದಶಕದ ಕೊನೆಯಲ್ಲಿ ಅವಕೆಂಪು ಬೆಳಕಿನಲ್ಲಿ ಹುಡುಕುವವರೆಗೆ ಆ ಧೂಳಿನ ಹಿಂದಿನ ಎರಡು ದೊಡ್ಡ ಗೆಲಾಕ್ಸಿಗಳು ಗೆಲಾಕ್ಸಿಗಳೆಂದು ಯಾರಿಗೂ ತಿಳಿದಿರಲಿಲ್ಲ. ಇನ್ನೂ ಅಚ್ಚರಿಯೆಂದರೆ, ನಮ್ಮ ಗೆಲಾಕ್ಸಿಯೇ ನುಂಗುತ್ತಿರುವ ಧನುರಾಶಿಯ ಕುಬ್ಜ ಗೆಲಾಕ್ಸಿ, ಒಂದು ಲಕ್ಷ ಜ್ಯೋತಿರ್ವರ್ಷಕ್ಕಿಂತ ಸಮೀಪದಲ್ಲಿದ್ದೂ, ಪತ್ತೆಯಾದದ್ದು 1994 ರಲ್ಲಿ.

ಮೂರನೆಯ ಹಂತ: ನಮ್ಮ ಆಕಾಶದಲ್ಲಿ ಕಾಣುವುದನ್ನು ಕಣ್ಣಾರೆ ನೋಡಿ

ಇಲ್ಲಿನ ದೂರದರ್ಶಕದಿಂದ ಗೆಲಾಕ್ಸಿಗಳ ಬಿಡಿ ನಕ್ಷತ್ರಗಳನ್ನು ಎಣಿಸಲು ಆಗುವುದಿಲ್ಲ; ಅದಕ್ಕೆ ವಾಯುಮಂಡಲದ ಮೇಲಿರುವ ಕಣ್ಣು ಬೇಕು. ಆದರೂ ಈ ಹಂತವನ್ನು ಬಿಡಬೇಡಿ ಎನ್ನುತ್ತೇನೆ. ಮೇಲ್ಮೈ ಕಾಂತಿ ಕಡಿಮೆಯಿರುವ ವಸ್ತು ಹಿನ್ನೆಲೆಯ ಬೆಳಕಿನಲ್ಲಿ ಹೇಗೆ ಕರಗಿಹೋಗುತ್ತದೆ ಎಂಬುದು ಒಮ್ಮೆ ಕಣ್ಣಿಗೆ ಬಿದ್ದರೆ, ಪಟ್ಟಿಗಳಿಂದ ಮಂದ ಗೆಲಾಕ್ಸಿಗಳು ತಪ್ಪಿಹೋಗುವುದು ಏಕೆಂದು ಬೇರೆ ವಿವರಣೆ ಬೇಕಾಗುವುದಿಲ್ಲ.

ಶಿರಸಿ ಮತ್ತು ಕಾರವಾರ ಎರಡೂ ಸುಮಾರು 14.6 ರಿಂದ 14.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಇದು ನಮಗೊಂದು ಅನುಕೂಲ, ಏಕೆಂದರೆ ಉತ್ತರದ ಮತ್ತು ದಕ್ಷಿಣದ ಹತ್ತಿರದ ಗೆಲಾಕ್ಸಿಗಳೆರಡೂ ಇಲ್ಲಿಂದ ಕಾಣುತ್ತವೆ. ನವೆಂಬರ್ ಮಧ್ಯದ ರಾತ್ರಿ ಒಂಬತ್ತರ ಹೊತ್ತಿಗೆ ಎಂ 31 ಉತ್ತರದಲ್ಲಿ ಸುಮಾರು 63 ಡಿಗ್ರಿ ಎತ್ತರಕ್ಕೆ ಬಂದಿರುತ್ತದೆ; ಅದೇ ಹೊತ್ತಿಗೆ ದಕ್ಷಿಣದಲ್ಲಿ 50 ಡಿಗ್ರಿ ಎತ್ತರದಲ್ಲಿ ಶಿಲ್ಪಿ ನಕ್ಷತ್ರಪುಂಜದ ಎನ್‌ಜಿಸಿ 253 ಇರುತ್ತದೆ. ಕನ್ಯಾ ರಾಶಿಯ ಗೆಲಾಕ್ಸಿ ಗುಚ್ಛ ಮಾರ್ಚ್ ಕೊನೆಯ ನಡುರಾತ್ರಿಯಲ್ಲಿ ಹೆಚ್ಚುಕಡಿಮೆ ನೆತ್ತಿಯ ಮೇಲೆಯೇ ಹಾದುಹೋಗುತ್ತದೆ. ದೊಡ್ಡ ಮೆಗಲಾನಿಕ್ ಮೋಡ ಕಾರವಾರದಿಂದ ದಿಗಂತಕ್ಕಿಂತ 5 ರಿಂದ 6 ಡಿಗ್ರಿಯಷ್ಟೇ ಮೇಲೇರುತ್ತದೆ, ಅದೂ ಜನವರಿ ಕೊನೆಯ ರಾತ್ರಿಗಳಲ್ಲಿ; ಕಡಲಿನ ತೇವ, ಮಂಜು, ಆಳಸಮುದ್ರಕ್ಕೆ ಹೋದ ದೋಣಿಗಳ ಪ್ರಖರ ದೀಪಗಳು ಇವೆಲ್ಲ ಆ ಎತ್ತರದಲ್ಲಿ ಅಡ್ಡ ಬರುವುದರಿಂದ ಅದನ್ನು ನೋಡಿಯೇ ತೀರುತ್ತೇನೆಂಬ ಹಟ ಬೇಡ. ಕರಾವಳಿಗಿಂತ ಜೋಯಿಡಾ, ಯಲ್ಲಾಪುರದ ಕಡೆಯ ಕತ್ತಲೆ ಈ ಕೆಲಸಕ್ಕೆ ಹೆಚ್ಚು ಒದಗುತ್ತದೆ. ಸುತ್ತ ಮರವಿಲ್ಲದ ಬಯಲು ಸಿಗುವುದೇ ಅಲ್ಲಿ ಕಷ್ಟ. ಚಳಿಗಾಲದ ಇಬ್ಬನಿ ಮಸೂರದ ಮೇಲೆ ಕೂರುವುದರಿಂದ ನಡುರಾತ್ರಿಯ ಮೊದಲೇ ವೀಕ್ಷಣೆ ಮುಗಿಸುವಂತೆ ಯೋಜಿಸಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಜಿಲ್ಲೆಯಲ್ಲಿ ಆಕಾಶವೇ ಕಾಣುವುದಿಲ್ಲ. ಮುಂದಿನ ಹಂತಗಳೆಲ್ಲ ಆ ನಾಲ್ಕು ತಿಂಗಳಿಗೆ ಹೇಳಿ ಮಾಡಿಸಿದಂತಿವೆ. ಮಳೆಗಾಲದಲ್ಲಿ ವಿದ್ಯುತ್ತೂ ನೆಟ್‌ವರ್ಕೂ ಕೈಕೊಡುವ ಹಳ್ಳಿಗಳವರು ಬೇಕಾದ ಕಡತಗಳನ್ನು ಮೇ ತಿಂಗಳಲ್ಲೇ ಇಳಿಸಿಕೊಂಡಿರಬೇಕು, ಅಷ್ಟೆ.

ನಾಲ್ಕನೆಯ ಹಂತ: ದತ್ತಾಂಶ ತರಿಸಿಕೊಳ್ಳುವುದು

ಹಬಲ್ ಮತ್ತು ಜೇಮ್ಸ್ ವೆಬ್ ದೂರದರ್ಶಕಗಳ ದತ್ತಾಂಶ ‘ಮಾಸ್ಟ್’ ಎಂಬ ಸಂಗ್ರಹದಲ್ಲಿ ಸಿಗುತ್ತದೆ. ಗೆಲಾಕ್ಸಿಯ ದೂರ, ವೇಗ, ಹಿಂದಿನ ಅಳತೆಗಳಿಗೆ ‘ನೆಡ್’ ಎಂಬ ಇನ್ನೊಂದು ಸಂಗ್ರಹವನ್ನು ನೋಡಬೇಕು. ಆಕಾಶದ ಚಿತ್ರಗಳನ್ನು ಒಂದರ ಮೇಲೊಂದಿಟ್ಟು ನೋಡಲು ‘ಅಲಾಡಿನ್’, ಲಕ್ಷಗಟ್ಟಲೆ ಸಾಲುಗಳ ಕೋಷ್ಟಕಗಳನ್ನು ತೆರೆಯಲು ‘ಟಾಪ್‌ಕ್ಯಾಟ್’ ಎಂಬ ಉಚಿತ ತಂತ್ರಾಂಶಗಳಿವೆ. ಕಚ್ಚಾ ಚಿತ್ರದಿಂದ ಆರಂಭಿಸುವ ಅಗತ್ಯವಿಲ್ಲ. ಪ್ರತಿ ನಕ್ಷತ್ರದ ಸ್ಥಾನ ಮತ್ತು ಕಾಂತಿಯನ್ನು ಅಳೆದಿಟ್ಟ ಕೋಷ್ಟಕಗಳನ್ನೇ ಮೊದಲು ಬಳಸಿ.

2010 ರಿಂದ 2013 ರವರೆಗೆ ನಡೆದ ‘ಫ್ಯಾಟ್’ ಸಮೀಕ್ಷೆ ಎಂ 31 ರ ತಟ್ಟೆಯ ಸುಮಾರು ಮೂರನೆಯ ಒಂದು ಭಾಗವನ್ನು ಆರು ಶೋಧಕಗಳಲ್ಲಿ (ಒಂದು ಬಣ್ಣದ ಬೆಳಕನ್ನಷ್ಟೇ ಬಿಡುವ ಫಿಲ್ಟರ್‌ಗಳಲ್ಲಿ) ಚಿತ್ರಿಸಿ, 11.7 ಕೋಟಿ ನಕ್ಷತ್ರಗಳನ್ನು ಅಳೆಯಿತು. ಅದನ್ನು ಇಡಿಯಾಗಿ ಇಳಿಸಿಕೊಳ್ಳಲು ಹೋಗಬೇಡಿ. ಕೇಂದ್ರದಿಂದ ಬೇರೆಬೇರೆ ದೂರದಲ್ಲಿರುವ ಮೂರು ಸಣ್ಣ ತುಂಡುಗಳು ಕಲಿಕೆಗೆ ಸಾಕು. ಅತಿನೇರಳೆ ಬೆಳಕಿಗೆ ನಮ್ಮದೇ ಆಸ್ಟ್ರೋಸ್ಯಾಟ್ ಇದೆ. 2015 ರ ಸೆಪ್ಟೆಂಬರ್ 28 ರಂದು ಶ್ರೀಹರಿಕೋಟಾದಿಂದ ಹಾರಿದ ಈ ಉಪಗ್ರಹದಲ್ಲಿರುವ 37.5 ಸೆಂಟಿಮೀಟರ್‌ನ ಜೋಡಿ ಅತಿನೇರಳೆ ದೂರದರ್ಶಕಗಳು ಒಂದೇ ಚಿತ್ರದಲ್ಲಿ ಸುಮಾರು 28 ಕಲೆಯ (ಡಿಗ್ರಿಯ ಅರವತ್ತನೆಯ ಒಂದು ಭಾಗವೇ ಒಂದು ಕಲೆ) ಅಗಲವನ್ನು, ಅಂದರೆ ಹೆಚ್ಚುಕಡಿಮೆ ಹುಣ್ಣಿಮೆಯ ಚಂದ್ರನಷ್ಟು ಅಗಲವನ್ನು, ತೋರಿಸುತ್ತವೆ. ಕಳೆದ ಹತ್ತು ಕೋಟಿ ವರ್ಷಗಳಲ್ಲಿ ಹುಟ್ಟಿದ ನಕ್ಷತ್ರಗಳನ್ನು ಹುಡುಕಲು ಅತಿನೇರಳೆಗಿಂತ ಒಳ್ಳೆಯ ಬೆಳಕಿಲ್ಲ, ಮತ್ತು ಈ ದತ್ತಾಂಶ ಬೆಂಗಳೂರಿನ ಹತ್ತಿರದ ಬ್ಯಾಲಾಳು ಕೇಂದ್ರದ ಸಂಗ್ರಹದಿಂದಲೇ ದೊರೆಯುತ್ತದೆ. ನಮ್ಮ ವಿದ್ಯಾರ್ಥಿಗಳು ಇದನ್ನು ಇನ್ನೂ ಹೆಚ್ಚಾಗಿ ಬಳಸಬೇಕೆಂಬುದು ನನ್ನ ಹಂಬಲ.

ಐದನೆಯ ಹಂತ: ದೂರ ಮತ್ತು ಧೂಳಿನ ತಿದ್ದುಪಡಿ

ಕೋಷ್ಟಕದಲ್ಲಿರುವುದು ತೋರಿಕೆಯ ಕಾಂತಿಮಾನ, ಅಂದರೆ ಇಲ್ಲಿಂದ ಕಾಣುವ ಕಾಂತಿಯ ಅಳತೆ; ಈ ಸಂಖ್ಯೆ ಕಡಿಮೆಯಾದಷ್ಟೂ ಕಾಂತಿ ಹೆಚ್ಚು. ನಿಜವಾದ ಕಾಂತಿ ತಿಳಿಯಲು ದೂರ ಗೊತ್ತಿರಬೇಕು. ಕೆಂಪು ದೈತ್ಯಗಳ ಸಾಲು ಒಂದು ನಿರ್ದಿಷ್ಟ ಕಾಂತಿಯಲ್ಲಿ ಥಟ್ಟನೆ ಕೊನೆಗೊಳ್ಳುತ್ತದೆ. ನಕ್ಷತ್ರದ ಒಡಲಿನಲ್ಲಿ ಹೀಲಿಯಂ ಒಮ್ಮೆಲೇ ಹೊತ್ತಿಕೊಳ್ಳುವ ಘಳಿಗೆ ಅದು. ಹತ್ತಿರದ ಅವಕೆಂಪು ಶೋಧಕದಲ್ಲಿ ಆ ತುದಿಯ ನಿಜಕಾಂತಿಮಾನ ಸುಮಾರು −4.05. ಎನ್‌ಜಿಸಿ 300 ಎಂಬ ಗೆಲಾಕ್ಸಿಯ ನಕ್ಷತ್ರಗಳನ್ನು ಕಾಂತಿಗೆ ತಕ್ಕಂತೆ ಎಣಿಸಿದಾಗ, 22.45 ರ ಆಸುಪಾಸಿನಲ್ಲಿ ಎಣಿಕೆ ಒಮ್ಮೆಲೇ ಏರಿತು ಎನ್ನಿ. ಎರಡರ ವ್ಯತ್ಯಾಸ 26.5. ಇದಕ್ಕೆ 5 ಕೂಡಿಸಿ 5 ರಿಂದ ಭಾಗಿಸಿದರೆ 6.3 ಬರುತ್ತದೆ, ಹತ್ತರ 6.3 ನೆಯ ಘಾತವೆಂದರೆ ಸುಮಾರು 20 ಲಕ್ಷ ಪಾರ್ಸೆಕ್ (ಒಂದು ಪಾರ್ಸೆಕ್ ಸುಮಾರು 3.26 ಜ್ಯೋತಿರ್ವರ್ಷ), ಅಂದರೆ 65 ಲಕ್ಷ ಜ್ಯೋತಿರ್ವರ್ಷ. ಈ ಲೆಕ್ಕವನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಕೈಯಲ್ಲೇ ಮಾಡಿ ನೋಡಬೇಕು.

ಧೂಳು ಎರಡು ಬಗೆಯದು. ನಮ್ಮ ಆಕಾಶಗಂಗೆಯ ಧೂಳಿಗೆ ಸಿದ್ಧ ನಕ್ಷೆಗಳಿವೆ. ಬಣ್ಣ ಎಷ್ಟು ಕೆಂಪಾಗಿದೆಯೋ ಅದರ 3.1 ಪಟ್ಟು ಕಾಂತಿ ಹಸಿರು–ಹಳದಿ ಬೆಳಕಿನಲ್ಲಿ ಕುಂದುತ್ತದೆ ಎಂಬ ಸಾಮಾನ್ಯ ಸೂತ್ರ ಸಾಕಾಗುತ್ತದೆ. ಆ ಗೆಲಾಕ್ಸಿಯೊಳಗಿನ ಧೂಳು ಮಾತ್ರ ಮೊಂಡು. ಅದನ್ನು ಒಂದೇ ಸಂಖ್ಯೆಯಾಗಿ ಕಳೆಯದೆ, ಒಂದು ಹರವಾಗಿ ಮಾದರಿಯಲ್ಲೇ ಸೇರಿಸಬೇಕು.

ಆರನೆಯ ಹಂತ: ಬಣ್ಣ–ಕಾಂತಿ ನಕ್ಷೆಯನ್ನು ಓದುವುದು

ಅಡ್ಡಕ್ಕೆ ಬಣ್ಣ, ಉದ್ದಕ್ಕೆ ಕಾಂತಿ ಇಟ್ಟು ಎಲ್ಲ ನಕ್ಷತ್ರಗಳನ್ನೂ ಚುಕ್ಕೆಗಳಾಗಿ ಗುರುತಿಸಿ. ಎಡಕ್ಕೆ ನೀಲಿ, ಬಲಕ್ಕೆ ಕೆಂಪು. ಮೇಲಕ್ಕೆ ಪ್ರಕಾಶ, ಕೆಳಕ್ಕೆ ಮಂದ. ಎಡಗಡೆ ಕಂಬದಂತೆ ಮೇಲೇರುವ ನೀಲಿ ಸಾಲು ಎಳೆಯ ನಕ್ಷತ್ರಗಳದ್ದು. ಅದು ಎಷ್ಟು ಎತ್ತರಕ್ಕೆ ಹೋಗಿದೆಯೋ ಅಷ್ಟು ಇತ್ತೀಚಿನ ಹುಟ್ಟನ್ನು ಸೂಚಿಸುತ್ತದೆ. ಅದರ ಬಲಕ್ಕೆ ಹೀಲಿಯಂ ಉರಿಸುವ ನೀಲಿ ಮತ್ತು ಕೆಂಪು ಮಹಾದೈತ್ಯಗಳ ಎರಡು ಸಾಲುಗಳಿರುತ್ತವೆ. ಇಲ್ಲಿ ಕಾಂತಿ ಮತ್ತು ವಯಸ್ಸಿನ ಸಂಬಂಧ ನೇರವಾಗಿರುವುದರಿಂದ, ಕೆಲವು ಕೋಟಿಯಿಂದ ಕೆಲವು ಹತ್ತು ಕೋಟಿ ವರ್ಷಗಳವರೆಗಿನ ಹುಟ್ಟಿನ ಏರಿಳಿತವನ್ನು ಕಣ್ಣಳತೆಯಲ್ಲೇ ಹೇಳಬಹುದು. ಬಲಗಡೆ ಬಾಗಿ ಏರುವ ದಪ್ಪ ಸಾಲು ಕೆಂಪು ದೈತ್ಯಗಳದ್ದು: ನೂರರಿಂದ ಇನ್ನೂರು ಕೋಟಿ ವರ್ಷ ಮೀರಿದ ಎಲ್ಲ ವಯಸ್ಸಿನವೂ ಇಲ್ಲಿ ಒತ್ತೊತ್ತಾಗಿ ನಿಂತಿರುತ್ತವೆ. ಇನ್ನೂ ಕೆಳಗೆ ಆರ್‌ಆರ್ ಲೈರೆ ಜಾತಿಯ ಮಿಡಿಯುವ ನಕ್ಷತ್ರಗಳು ಸಿಕ್ಕರೆ, 1,000 ಕೋಟಿ ವರ್ಷಕ್ಕೂ ಹಳೆಯ ತಲೆಮಾರು ಅಲ್ಲಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಎಲ್ಲಕ್ಕಿಂತ ನಂಬಲರ್ಹವಾದ ಸಾಕ್ಷಿ ಇನ್ನೂ ತಳದಲ್ಲಿದೆ. ಸೂರ್ಯನಂತೆ ಒಡಲಿನ ಹೈಡ್ರೋಜನ್ ಉರಿಸುತ್ತಿರುವ ಮುಖ್ಯಶ್ರೇಣಿಯ ನಕ್ಷತ್ರಗಳು ದೈತ್ಯವಾಗಲು ತಿರುಗುವ ಜಾಗ ಅದು. ಹಳೆಯ ತಲೆಮಾರುಗಳ ವಯಸ್ಸು ಬಿಡಿಬಿಡಿಯಾಗಿ ತೆರೆದುಕೊಳ್ಳುವುದು ಅಲ್ಲಿ ಮಾತ್ರ. ಎಂ 31 ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿರುವುದರಿಂದ ಆ ಮಂದತೆಗೆ ಇಳಿಯಲು ಟಾಮ್ ಬ್ರೌನ್ ಅವರ ತಂಡ ಹಬಲ್ ದೂರದರ್ಶಕವನ್ನು ಅದರ ಪರಿವೇಷದ, ಅಂದರೆ ತಟ್ಟೆಯ ಸುತ್ತಲಿನ ವಿರಳ ನಕ್ಷತ್ರಗಳ ಆವರಣದ, ಒಂದೇ ಸಣ್ಣ ಚೌಕದ ಕಡೆಗೆ ಒಟ್ಟು ಮೂರು ದಿನಗಳಿಗೂ ಮಿಗಿಲಾಗಿ ತಿರುಗಿಸಿಡಬೇಕಾಯಿತು. 2003 ರಲ್ಲಿ ಬಂದ ಫಲಿತಾಂಶ ನಿರೀಕ್ಷೆಯನ್ನು ಬುಡಮೇಲು ಮಾಡಿತು: ಬರೀ ಮುದಿ ನಕ್ಷತ್ರಗಳ ತಾಣವೆಂದು ತಿಳಿದಿದ್ದ ಆ ಪರಿವೇಷದಲ್ಲಿ 600 ರಿಂದ 800 ಕೋಟಿ ವರ್ಷ ವಯಸ್ಸಿನ, ಲೋಹಾಂಶ ಹೆಚ್ಚಿರುವ ನಕ್ಷತ್ರಗಳೂ ಗಣನೀಯ ಪ್ರಮಾಣದಲ್ಲಿದ್ದವು. ಕೆಂಪು ದೈತ್ಯಗಳವರೆಗೆ ಮಾತ್ರ ಇಳಿದಿದ್ದ ಹಿಂದಿನ ಎಣಿಕೆಗಳು ಇದನ್ನು ತೋರಿಸಲು ಸಾಧ್ಯವೇ ಇರಲಿಲ್ಲ. ಆದ್ದರಿಂದ ನಿಮ್ಮ ನಕ್ಷೆ ಯಾವ ಕಾಂತಿಯವರೆಗೆ ಇಳಿದಿದೆ ಎಂಬುದನ್ನು ಮೊದಲು ಬರೆದು, ಅದರಿಂದ ಯಾವ ವಯಸ್ಸಿನ ಪ್ರಶ್ನೆಗೆ ಉತ್ತರ ಸಿಗಬಹುದೋ ಅಷ್ಟನ್ನೇ ಕೇಳಿ.

ಏಳನೆಯ ಹಂತ: ಕೃತಕ ನಕ್ಷತ್ರಗಳ ಪರೀಕ್ಷೆ

ಕಾಣದೆ ಉಳಿದದ್ದರ ಲೆಕ್ಕವನ್ನು ಅಂಕಿಯಾಗಿ ಹಿಡಿಯುವ ಉಪಾಯ ಇಲ್ಲಿದೆ. ಮೂಲ ಚಿತ್ರದೊಳಗೆ, ಕಾಂತಿ ಮತ್ತು ಸ್ಥಾನ ನಮಗೇ ಗೊತ್ತಿರುವ ಸುಳ್ಳು ನಕ್ಷತ್ರಗಳನ್ನು ಗಣಕದ ಮೂಲಕ ಸೇರಿಸಿ, ನಿಜವಾದವುಗಳನ್ನು ಅಳೆದ ಕ್ರಮದಲ್ಲೇ ಅವನ್ನೂ ಅಳೆಯಿಸಬೇಕು. ಸಾವಿರ ಸೇರಿಸಿದ ಕಡೆ 600 ಮಾತ್ರ ಮರಳಿ ಸಿಕ್ಕರೆ ಆ ಕಾಂತಿಯಲ್ಲಿ ನಮ್ಮ ಪೂರ್ಣತೆ ಶೇಕಡ 60. ಅಲ್ಲಿ ಎಣಿಸಿದ 300 ನಿಜ ನಕ್ಷತ್ರಗಳು ವಾಸ್ತವದಲ್ಲಿ 500 ರ ಪ್ರತಿನಿಧಿಗಳು. ಪೂರ್ಣತೆ ಶೇಕಡ 50 ಕ್ಕಿಂತ ಇಳಿದ ಭಾಗವನ್ನು ನಾನಾದರೆ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಏಕೆಂದರೆ ಅಲ್ಲಿಂದ ಮುಂದೆ ತಿದ್ದುಪಡಿಯೇ ಅಳತೆಗಿಂತ ದೊಡ್ಡದಾಗುತ್ತದೆ.

ಸುಳ್ಳು ನಕ್ಷತ್ರಗಳನ್ನು ಒಮ್ಮೆಗೆ ಸ್ವಲ್ಪಸ್ವಲ್ಪವೇ ಸೇರಿಸಿ. ಒಟ್ಟಿಗೆ ಸುರಿದರೆ ದಟ್ಟಣೆಯೇ ಬದಲಾಗಿ ಪರೀಕ್ಷೆ ಕೆಡುತ್ತದೆ. ಗೆಲಾಕ್ಸಿಯ ಕೇಂದ್ರಕ್ಕೂ ಅಂಚಿಗೂ ಬೇರೆಬೇರೆಯಾಗಿ ಮಾಡಿ. ಕೇಂದ್ರದ ಇಕ್ಕಟ್ಟಿನಲ್ಲಿ ಎರಡು ಮಂದ ನಕ್ಷತ್ರಗಳು ಒಂದಾಗಿ ಬೆಸೆದು ಒಂದೇ ಪ್ರಕಾಶಮಾನ ನಕ್ಷತ್ರದಂತೆ ಕಾಣುತ್ತವೆ. ಸೇರಿಸಿದ ಕಾಂತಿಗೂ ಮರಳಿ ಸಿಕ್ಕ ಕಾಂತಿಗೂ ಇರುವ ವ್ಯತ್ಯಾಸವನ್ನು ನಕ್ಷೆ ಮಾಡಿದರೆ ಈ ಬೆಸುಗೆಯ ಪ್ರಮಾಣ ತಿಳಿಯುತ್ತದೆ. ಸಿದ್ಧ ಕೋಷ್ಟಕ ಬಳಸುವವರೂ ಇದನ್ನು ಬಿಡುವಂತಿಲ್ಲ. ಒಳ್ಳೆಯ ಸಮೀಕ್ಷೆಗಳು ತಮ್ಮ ಕೃತಕ ನಕ್ಷತ್ರಗಳ ಕೋಷ್ಟಕವನ್ನೂ ಜೊತೆಗೇ ಪ್ರಕಟಿಸುತ್ತವೆ.

ಎಂಟನೆಯ ಹಂತ: ಮಾದರಿಯೊಂದಿಗೆ ಹೋಲಿಸುವುದು

ಈಗ ನಕ್ಷತ್ರ ವಿಕಾಸದ ಸಿದ್ಧಾಂತದಿಂದ ಬಂದ ಸಮವಯಸ್ಸಿನ ರೇಖೆಗಳು ಬೇಕು: ಒಂದೇ ವಯಸ್ಸಿನ, ಬೇರೆಬೇರೆ ತೂಕದ ನಕ್ಷತ್ರಗಳು ಬಣ್ಣ–ಕಾಂತಿ ನಕ್ಷೆಯಲ್ಲಿ ಎಲ್ಲೆಲ್ಲಿ ನಿಲ್ಲುತ್ತವೆ ಎಂದು ಇವು ತೋರಿಸುತ್ತವೆ. ‘ಪಾರ್ಸೆಕ್’ (ಇದು ದೂರದ ಅಳತೆಯಲ್ಲ, ಗುಂಪಿನ ಹೆಸರು), ‘ಮಿಸ್ಟ್’, ‘ಬಾಸ್ಟಿ’ ಎಂಬ ಮೂರು ಗುಂಪುಗಳು ಇವನ್ನು ಮುಕ್ತವಾಗಿ ಒದಗಿಸುತ್ತವೆ. ವಯಸ್ಸನ್ನು ಹಲವು ಅಂಕಣಗಳಾಗಿ ವಿಂಗಡಿಸಿ, ಪ್ರತಿ ಅಂಕಣಕ್ಕೂ ಪ್ರತಿ ಲೋಹಾಂಶಕ್ಕೂ ಒಂದೊಂದು ಕೃತಕ ಬಣ್ಣ–ಕಾಂತಿ ನಕ್ಷೆ ತಯಾರಿಸಬೇಕು. ಹುಟ್ಟುವಾಗ ಭಾರಿ ನಕ್ಷತ್ರಗಳೆಷ್ಟು, ಹಗುರವಾದವು ಎಷ್ಟು ಎಂಬ ಅನುಪಾತಕ್ಕೆ ಕ್ರೂಪಾ 2001 ರಲ್ಲಿ ಕೊಟ್ಟ ಸೂತ್ರ ಬಳಸಬಹುದು. ಸಾಲ್ಪೀಟರ್ 1955 ರಲ್ಲಿ ಕೊಟ್ಟ ಮೂಲಸೂತ್ರ ಹಗುರ ನಕ್ಷತ್ರಗಳನ್ನು ಹೆಚ್ಚಾಗಿ ಎಣಿಸುತ್ತದೆ. ಹಿಂದಿನ ಹಂತದಲ್ಲಿ ಸಿಕ್ಕ ಪೂರ್ಣತೆ ಮತ್ತು ದೋಷಗಳನ್ನು ಈ ಕೃತಕ ನಕ್ಷೆಗಳಿಗೆ ಹೊದಿಸಿ, ನಿಜ ನಕ್ಷೆಯನ್ನು ಸಣ್ಣ ಚೌಕಗಳಾಗಿ ಕತ್ತರಿಸಿ, ಯಾವ ಯಾವ ಕೃತಕ ನಕ್ಷೆಯನ್ನು ಎಷ್ಟೆಷ್ಟು ಬೆರೆಸಿದರೆ ಚೌಕಗಳ ಎಣಿಕೆ ಹೊಂದುತ್ತದೆ ಎಂದು ಹುಡುಕಬೇಕು. ಆ ಬೆರಕೆಯ ಪ್ರಮಾಣವೇ ನಕ್ಷತ್ರ ಹುಟ್ಟಿನ ಇತಿಹಾಸ. ವೃತ್ತಿಪರರು ಬಳಸುವ ‘ಮ್ಯಾಚ್’, ‘ಸ್ಟಾರ್‌ಫಿಶ್’ ತಂತ್ರಾಂಶಗಳ ತಿರುಳೂ ಇಷ್ಟೇ. ಕಲಿಯುವವರು ಪೈಥಾನ್‌ನಲ್ಲಿ ಇದರ ಸಣ್ಣ ರೂಪವನ್ನು ತಾವೇ ಬರೆಯಬಹುದು. ವಯಸ್ಸಿನ ಅಂಕಣಗಳನ್ನು ಸಮಾನ ಅಗಲದಲ್ಲಿ ಮಾಡದೆ, ಹಿಂದಕ್ಕೆ ಹೋದಂತೆ ಅಗಲಗೊಳಿಸಿ. 1,000 ಮತ್ತು 1,100 ಕೋಟಿ ವರ್ಷಗಳ ನಕ್ಷೆಗಳ ನಡುವೆ ಕಾಣುವ ವ್ಯತ್ಯಾಸ ಬಹಳ ಕಡಿಮೆ.

ಈ ವಿಧಾನ ಎಂಥ ಚರಿತ್ರೆಗಳನ್ನು ಹೊರತಂದಿದೆ ಎಂಬುದಕ್ಕೆ ಕೆಲವು ಉದಾಹರಣೆಗಳು. ದೊಡ್ಡ ಮೆಗಲಾನಿಕ್ ಮೋಡದಲ್ಲಿ ಆರಂಭದ ಹುಟ್ಟಿನ ಬಳಿಕ ಸುಮಾರು 1,200 ಕೋಟಿಯಿಂದ 500 ಕೋಟಿ ವರ್ಷಗಳ ಹಿಂದಿನವರೆಗೆ ದೀರ್ಘವಾದ ಬಿಡುವು ಕಾಣುತ್ತದೆ. ಆಮೇಲೆ ಹುಟ್ಟು ಮತ್ತೆ ಚಿಗುರಿತು ಎಂದು ಹ್ಯಾರಿಸ್ ಮತ್ತು ಜಾರಿಟ್ಸ್ಕಿ 2009 ರಲ್ಲಿ ತೋರಿಸಿದರು. ಲಿಯೋ ಎ ಎಂಬ ಒಂಟಿ ಕುಬ್ಜ ಗೆಲಾಕ್ಸಿಯಲ್ಲಿ ಶೇಕಡ 90 ಕ್ಕಿಂತ ಹೆಚ್ಚು ನಕ್ಷತ್ರಗಳು ಕಳೆದ 800 ಕೋಟಿ ವರ್ಷಗಳಲ್ಲಿ, ಅಂದರೆ ತಡವಾಗಿ, ಹುಟ್ಟಿದವು. ಇದಕ್ಕೆ ವ್ಯತಿರಿಕ್ತವಾಗಿ ನಮ್ಮ ಆಕಾಶಗಂಗೆಯ ಸುತ್ತಲಿನ ಅತಿಮಂದ ಕುಬ್ಜಗಳಲ್ಲಿ ಹುಟ್ಟು ವಿಶ್ವದ ಮೊದಲ ನೂರಿನ್ನೂರು ಕೋಟಿ ವರ್ಷಗಳಲ್ಲೇ ಬಹುಪಾಲು ಮುಗಿದಿದೆ. ಆ ಕಾಲದಲ್ಲಿ ವಿಶ್ವವನ್ನು ತುಂಬಿದ ಅತಿನೇರಳೆ ಬೆಳಕು ಅವುಗಳ ಅನಿಲವನ್ನು ಬಿಸಿಮಾಡಿ ಓಡಿಸಿತು ಎಂಬುದು ಇಂದು ಹೆಚ್ಚು ಒಪ್ಪಿಗೆ ಪಡೆದಿರುವ ವಿವರಣೆ.

ಬಿಡಿ ನಕ್ಷತ್ರ ಕಾಣದಷ್ಟು ದೂರವಾದರೆ

ಎರಡು–ಮೂರು ಕೋಟಿ ಜ್ಯೋತಿರ್ವರ್ಷ ದಾಟಿದ ಮೇಲೆ ನಕ್ಷತ್ರಗಳು ಬೆರೆತುಹೋಗುವುದರಿಂದ ಒಟ್ಟು ಬೆಳಕಿನ ರೋಹಿತವನ್ನೇ, ಅಂದರೆ ಬಣ್ಣಬಣ್ಣವಾಗಿ ಬಿಡಿಸಿದ ಬೆಳಕನ್ನೇ, ಓದಬೇಕಾಗುತ್ತದೆ. 2014 ರಿಂದ 2020 ರವರೆಗೆ ನಡೆದ ‘ಮಾಂಗಾ’ ಸಮೀಕ್ಷೆ ನ್ಯೂಮೆಕ್ಸಿಕೋದ 2.5 ಮೀಟರ್ ದೂರದರ್ಶಕದಲ್ಲಿ ಗಾಜಿನೆಳೆಗಳ ಕಟ್ಟುಗಳನ್ನು ಬಳಸಿ ಸುಮಾರು 10,000 ಗೆಲಾಕ್ಸಿಗಳಿಗೆ, ಪ್ರತಿಯೊಂದರ ಹಲವು ಜಾಗಗಳಲ್ಲಿ, ಬೇರೆಬೇರೆ ರೋಹಿತ ತೆಗೆಯಿತು. ಇದರಲ್ಲಿ ಮೊದಲು ನೋಡಬೇಕಾದದ್ದು 4,000 ಆಂಗ್‌ಸ್ಟ್ರಾಮ್ ತರಂಗಾಂತರದ ಬಳಿಯ ಮೆಟ್ಟಿಲು, ಅಂದರೆ ಅದರ ಕೆಂಪು ಬದಿಯ ಬೆಳಕು ನೀಲಿ ಬದಿಯದಕ್ಕಿಂತ ಎಷ್ಟು ಪಟ್ಟು ಎಂಬ ಅನುಪಾತ. ಅದರ ಎತ್ತರ 1.3 ರ ಆಸುಪಾಸಿದ್ದರೆ ಎಳೆಯ ನಕ್ಷತ್ರಗಳ ಬೆಳಕು ಪ್ರಬಲವಾಗಿದೆ, 1.8 ದಾಟಿದರೆ ಮುದಿ ನಕ್ಷತ್ರಗಳದ್ದೇ ಪಾರುಪತ್ಯ. ಮೆಟ್ಟಿಲು ಮಧ್ಯಮವಾಗಿದ್ದು ಹೈಡ್ರೋಜನ್‌ನ ಡೆಲ್ಟಾ ಹೀರಿಕೆ ರೇಖೆ ಅಸಾಧಾರಣವಾಗಿ ಬಲವಾಗಿದ್ದರೆ, ಹತ್ತು ಕೋಟಿಯಿಂದ ನೂರು ಕೋಟಿ ವರ್ಷಗಳ ಹಿಂದೆ ಭಾರಿ ಹುಟ್ಟೊಂದು ನಡೆದು ನಿಂತಿದೆ ಎಂದು ಊಹಿಸಬಹುದು.

ಇಲ್ಲಿನ ದೊಡ್ಡ ತೊಡಕು ವಯಸ್ಸು ಮತ್ತು ಲೋಹಾಂಶಗಳು ಒಂದರ ವೇಷವನ್ನು ಇನ್ನೊಂದು ಹಾಕುವುದು. ವಯಸ್ಸು ಮೂರು ಪಟ್ಟಾದರೆ ಬಣ್ಣ ಎಷ್ಟು ಕೆಂಪಾಗುತ್ತದೆಯೋ, ಲೋಹಾಂಶ ಎರಡು ಪಟ್ಟಾದರೂ ಸರಿಸುಮಾರು ಅಷ್ಟೇ ಕೆಂಪಾಗುತ್ತದೆ ಎಂದು ವರ್ದಿ ಎಂಬ ಖಗೋಳವಿಜ್ಞಾನಿ 1994 ರಲ್ಲಿ ತೋರಿಸಿದರು. ಬಣ್ಣವೊಂದನ್ನೇ ನಂಬಿ ವಯಸ್ಸು ಹೇಳಬಾರದು. ಹೈಡ್ರೋಜನ್ ರೇಖೆಗಳಿಂದ ವಯಸ್ಸನ್ನೂ, ಕಬ್ಬಿಣ ಮತ್ತು ಮೆಗ್ನೀಸಿಯಂ ರೇಖೆಗಳಿಂದ ಲೋಹಾಂಶವನ್ನೂ ಒಟ್ಟಿಗೆ ಹೊಂದಿಸಬೇಕು.

ಅನಿಲ ಮತ್ತು ನೆರೆಹೊರೆಯ ಸಾಕ್ಷಿ

ನಕ್ಷತ್ರಗಳ ಲೆಕ್ಕ ಮುಗಿದ ಮೇಲೆ ಹೈಡ್ರೋಜನ್ ಅನಿಲದ ರೇಡಿಯೊ ನಕ್ಷೆಯನ್ನು ಪಕ್ಕದಲ್ಲಿಟ್ಟು ನೋಡಿ. 34 ಗೆಲಾಕ್ಸಿಗಳ ‘ಥಿಂಗ್ಸ್’ ಸಮೀಕ್ಷೆಯ ನಕ್ಷೆಗಳು ಮುಕ್ತವಾಗಿವೆ. ಎಂ 81 ಮತ್ತು ಎಂ 82 ಬೆಳಕಿನ ಚಿತ್ರದಲ್ಲಿ ಒಂದಕ್ಕೊಂದು ಸಂಬಂಧವಿಲ್ಲದಂತೆ ಕಂಡರೂ, ರೇಡಿಯೊದಲ್ಲಿ ಅವುಗಳ ನಡುವೆ ಎಳೆದುಹೋದ ಅನಿಲದ ಸೇತುವೆಗಳು ಎದ್ದು ಕಾಣುತ್ತವೆ. ಎಂ 82 ರಲ್ಲಿ ನಕ್ಷತ್ರಗಳು ಇಷ್ಟು ರಭಸವಾಗಿ ಏಕೆ ಹುಟ್ಟುತ್ತಿವೆ ಎಂಬುದಕ್ಕೆ ಅವುಗಳ ನಡುವಿನ ಆ ಗುರುತ್ವದ ಸೆಣಸಾಟವೇ ಕಾರಣ. ನಮ್ಮ ಆಕಾಶಗಂಗೆಯಲ್ಲೂ ಇಂಥದೇ ಗುರುತಿದೆ: ಗಾಯಾ ಉಪಗ್ರಹ ಅಳೆದ ಚಲನೆಗಳಿಂದ, ಸುಮಾರು 1,000 ಕೋಟಿ ವರ್ಷಗಳ ಹಿಂದೆ ಸಾಕಷ್ಟು ದೊಡ್ಡ ಗೆಲಾಕ್ಸಿಯೊಂದು ಇದರೊಳಗೆ ಬಂದು ಕರಗಿತ್ತೆಂದು 2018 ರಲ್ಲಿ ಗೊತ್ತಾಯಿತು.

ಕೊನೆಯ ಹಂತ: ದಾಖಲೆ

ಫಲಿತಾಂಶದ ನಕ್ಷೆಯ ಜೊತೆಗೆ ಇವಿಷ್ಟನ್ನು ಬರೆದಿಡಿ: ಪಟ್ಟಿಯ ನಿಯಮ ಮತ್ತು ಅದರಿಂದ ಹೊರಗುಳಿದ ಬಗೆಗಳು, ಬಳಸಿದ ದೂರ ಮತ್ತು ಧೂಳಿನ ಮೌಲ್ಯ, ಶೇಕಡ 50 ಪೂರ್ಣತೆಯ ಕಾಂತಿಮಾನ, ಸಮವಯಸ್ಸಿನ ರೇಖೆಗಳ ಹೆಸರು ಮತ್ತು ಆವೃತ್ತಿ. ದೋಷದ ಗೆರೆಯಿಲ್ಲದ ಒಂದೇ ಒಂದು ಕಂಬವೂ ನಕ್ಷೆಯಲ್ಲಿರಬಾರದು. ಬಳಿಕ ಇನ್ನೊಂದು ಗುಂಪಿನ ಸಮವಯಸ್ಸಿನ ರೇಖೆಗಳನ್ನು ಹಾಕಿ ಇಡೀ ಲೆಕ್ಕವನ್ನು ಮತ್ತೊಮ್ಮೆ ಓಡಿಸಿ. ಎರಡು ಬಾರಿಯೂ ಉಳಿದ ಏರಿಳಿತಗಳನ್ನು ಗೆಲಾಕ್ಸಿಯ ಚರಿತ್ರೆಯೆಂದು ಬರೆಯಿರಿ; ಒಂದು ಬಾರಿ ಬಂದು ಇನ್ನೊಂದು ಬಾರಿ ಮಾಯವಾದವನ್ನು ಮಾದರಿಯ ಲೆಕ್ಕಕ್ಕೆ ಸೇರಿಸಿ. ಇಷ್ಟಾದ ಮೇಲೆ ಪಟ್ಟಿಯ ಮುಂದಿನ ಗೆಲಾಕ್ಸಿಯನ್ನು ಅದೇ ಕ್ರಮದಲ್ಲಿ, ಅದೇ ಅಂಕಣಗಳಲ್ಲಿ, ಯಾವ ಸೂತ್ರವನ್ನೂ ಬದಲಿಸದೆ ತೆಗೆದುಕೊಳ್ಳಬಹುದು.